ಎರಡು ರಿಂಗಿಗೆ ಕ್ಷೇಮ ಎಂದು ಬರೆದುಕೊಟ್ಟೆ

ಮಾನ್ಯರೇ,

ಹಡಗು ನೌಕರರ ಯೋಗಕ್ಷೇಮ ನೋಡಿಕೊಳ್ಳುವ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ನಿಮಗೆ ಇದು ನನ್ನ ಐದನೆಯ ಪತ್ರ. ಮೊದಲ ನಾಲ್ಕನ್ನು ಲಕೋಟೆಗೆ ಗೋಂದು ಹಚ್ಚಿ ಕಳಿಸಿದ್ದೆ. ಇದನ್ನು ಹತ್ತು ಜನ ಓದಲೆಂದು ಪತ್ರಿಕೆಗೆ ಕೊಡುತ್ತಿದ್ದೇನೆ. ನನ್ನ ತಮ್ಮ ರಾಮಾಂಜಿನೇಯ, ಮನೆಯವರಿಗೆ ಅಂಜಿ, ಎಣ್ಣೆ ಸಾಗಿಸುವ ಹಡಗೊಂದರ ಇಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದವನು. ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಬಂದೂಕಿನವರು ಅವನನ್ನು ಎತ್ತಿಕೊಂಡು ಹೋಗಿ ಇವತ್ತಿಗೆ ಎಪ್ಪತ್ತೊಂದು ದಿನ. ನಿಮ್ಮ ಕಡತದಲ್ಲಿ ಮಾತ್ರ ಅವನು ಕ್ಷೇಮವಾಗಿದ್ದಾನೆ. ಹಾಗೆಂದು ಬರೆದುಕೊಟ್ಟವಳು ನಾನೇ. ಆ ಒಂದು ಮಾತನ್ನು ಹೊಡೆದುಹಾಕಿ ಎಂದು ಕೇಳುವುದಕ್ಕೆ ನಾಲ್ಕು ಪತ್ರ ಸಾಲಲಿಲ್ಲ.

ನಾನು ಹಿಂದೂಪುರದಲ್ಲಿ ರಿಜಿಸ್ಟ್ರೇಷನ್ ಕಚೇರಿಯ ಎದುರು ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಕ್ರಯಪತ್ರ, ಭಾಗಪತ್ರ ಬರೆಯುವವಳು. ದಿನವೆಲ್ಲ ತೆಲುಗಿನಲ್ಲಿ ಬರೆಯುತ್ತೇನೆ. ಸಿಟ್ಟು ಬಂದಾಗ ಮಾತ್ರ ಮನೆಯ ಮಾತು ಕನ್ನಡವೇ ಬೇಕು. ನಿಮಗೆ ತೆಲುಗಿನಲ್ಲಿ ಎರಡು, ಇಂಗ್ಲಿಷಿನಲ್ಲಿ ಎರಡು ಬರೆದಾಯಿತು. ಇದನ್ನು ಯಾರಿಂದಲಾದರೂ ಓದಿಸಿಕೊಳ್ಳುವ ಕಷ್ಟ ಈ ಸಲ ನಿಮಗಿರಲಿ.

ಅಂಜಿ ಹಡಗಿಗೆ ಹೇಗೆ ಹೋದ ಎಂದು ನಿಮ್ಮ ಗುಮಾಸ್ತರು ಕೇಳಿದ್ದರು, ಕಡಲಿನಿಂದ ದೂರದ ಕಲ್ಯಾಣದುರ್ಗದ ಕಡೆಯವರು ಸಮುದ್ರಕ್ಕೆ ಹೋಗುವುದು ತಪ್ಪೇನೋ ಎಂಬಂತೆ. ಹೇಳುತ್ತೇನೆ. ಬ್ರಹ್ಮಸಮುದ್ರ ಮಂಡಲದ ನಮ್ಮ ಊರಿನಿಂದ ಬೋರ್‌ವೆಲ್ ಲಾರಿಗಳ ಜೊತೆ ಗಂಡಸರು ದೇಶವೆಲ್ಲ ಸುತ್ತುತ್ತಾರೆ. ಅಂಜಿ ಐಟಿಐ ಮುಗಿಸಿ ಎಂಟು ವರ್ಷ ಕಂಪ್ರೆಸರ್ ರಿಪೇರಿ ಮಾಡಿಕೊಂಡು ಒಡಿಶಾ, ಛತ್ತೀಸ್‌ಗಢ ಎಲ್ಲ ತಿರುಗಿದ. ಪೆನುಕೊಂಡದ ಹತ್ತಿರ ಕಾರು ಕಾರ್ಖಾನೆ ಬಂದಾಗ ಅಲ್ಲಿ ಸೇರಿಕೋ ಎಂದೆ. "ದಿನಾ ಒಂದೇ ಬೋಲ್ಟ್ ತಿರುಗ್ಸಾಕೆ ನನ್ ಕೈಲಿ ಆಗಲ್ಲ ಕಣಕ್ಕ" ಅಂದ. ತಿರುಗುವ ಕಾಲು ಅದು. ಕೊನೆಗೆ ಹಡಗಿನ ಇಂಜಿನ್ನೇ ಅವನಿಗೆ ತಕ್ಕದ್ದಾಯಿತು. ಕಾಗದಪತ್ರ ಎಲ್ಲ ಸರಿಯಾಗಿಯೇ ಇದ್ದವು. ಅವುಗಳ ಮೇಲೆ ನಿಮ್ಮದೇ ಮೊಹರು ಇದೆ.

ಬೋರ್‌ವೆಲ್ ಲಾರಿಯವರ ಊರುಗಳಲ್ಲಿ ಒಂದು ಪದ್ಧತಿಯಿದೆ. ಯಾವುದೋ ಕಾಡಿನ ಅಂಚಿನಿಂದ ಫೋನು ಮಾಡುವಾಗ ಎರಡು ರಿಂಗು ಹೊಡೆಸಿ ಕಟ್ ಮಾಡುತ್ತಾರೆ. ಎರಡು ರಿಂಗು ಎಂದರೆ ಕ್ಷೇಮ, ಯಾರೂ ಎತ್ತಬಾರದು. ಬಿಡದೆ ಬಡಿದುಕೊಂಡರೆ ಮಾತ್ರ ಏನೋ ಆಗಿದೆ ಎಂದರ್ಥ, ಆಗ ಎತ್ತಬೇಕು. ಈಗ ಫೋನಿನ ಮಾತು ಅಗ್ಗವಾದರೂ ಪದ್ಧತಿ ಹೋಗಿಲ್ಲ. ಹಡಗಿನ ಸ್ಯಾಟಲೈಟ್ ಫೋನಿಗೆ ನಿಮಿಷದ ಲೆಕ್ಕ, ಅದಕ್ಕೂ ಸರದಿ. ಹಾಗಾಗಿ ಅಂಜಿ ಹೊರಟಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಮ್ಮ ಅಮ್ಮ ಗಂಗಕ್ಕನಿಗೆ ಹೇಳಿದ್ದು ಇಷ್ಟೇ: "ಹೋಗ್ಬುಟ್ ಬತ್ತೀನಿ ಕಣಮ್ಮ. ವಾರಕ್ಕೊಂದ್ ಸಲ ಎರಡು ಹೊಡಿಸ್ತೀನಿ. ನೀನು ಎತ್ತಬ್ಯಾಡ." ಅಮ್ಮ ಅಂಗನವಾಡಿಯಲ್ಲಿ ಆಯಾ. ಮಕ್ಕಳಿಗೆ ಅನ್ನ ಬಡಿಸುತ್ತಿರುವಾಗ ಮಡಿಲಿನಲ್ಲಿ ಫೋನು ಎರಡು ಸಲ ಬಡಿದು ನಿಂತರೆ ಸೌಟು ಕೆಳಗಿಡದೆ "ಬತಿಕಿನಾಡು" ಎಂದು ತೆಲುಗಿನಲ್ಲಿ ಹೇಳಿ ನಗುತ್ತಿದ್ದಳು. ಬದುಕಿದ್ದಾನೆ ಎಂದು. ನಮ್ಮಲ್ಲಿ ಆ ಮಾತನ್ನು ತಮಾಷೆಗೆ ಆಡುತ್ತಾರೆ. ಆಡುತ್ತಿದ್ದರು.

ಈಗ ನಿಮ್ಮ ಕಚೇರಿಯ ಕೈಚಳಕಕ್ಕೆ ಬರುತ್ತೇನೆ. ಹಡಗಿನ ಮೇಲೆ ದಾಳಿಯಾದದ್ದು ಒಂದು ಮಂಗಳವಾರ. ನಮಗೆ ಯಾರೂ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ಅಮ್ಮನ ಫೋನು ಎರಡು ಸಲ ಬಡಿದು ನಿಂತಿತು. ಗೊತ್ತಿಲ್ಲದ ನಂಬರು. ಹಡಗಿನಿಂದ ಬಂದರೆ ಯಾವಾಗಲೂ ಗೊತ್ತಿಲ್ಲದ ನಂಬರೇ. ಸೋಮವಾರ ನಿಮ್ಮಲ್ಲಿಂದ ಒಬ್ಬರು ಅಮ್ಮನಿಗೆ ಫೋನು ಮಾಡಿ ನಯವಾಗಿ ಕೇಳಿದರು: "ಅಮ್ಮಾ, ನಿಮ್ಮ ಮಗನ ಸಂಪರ್ಕ ಇದೆಯಾ?" ಅಮ್ಮ ಹಿಗ್ಗಿನಿಂದ "ಐತೆ ಸ್ವಾಮಿ, ಮೊನ್ನೆ ಶನ್ವಾರ್ವೇ ಹೊಡ್ದಿದ್ದ" ಅಂದಳು. ಹಾಗಾದರೆ ಎರಡು ಸಾಲು ಬರೆದು ಕಳಿಸಿ ಎಂದರು. ಅವತ್ತು ಊರಲ್ಲೇ ಇದ್ದ ನಾನು ಫೋನು ಇಸಿದುಕೊಂಡು ಯಾಕೆ ಎಂದು ಕೇಳಿದ್ದಕ್ಕೆ "ಮಾಮೂಲಿ ವಿಚಾರಣೆ" ಅಂದರು. ಹಡಗಿನ ಮೇಲೆ ಬಂದೂಕಿನವರು ಹತ್ತಿದ್ದರೆಂಬುದು ಆ ಹೊತ್ತಿಗೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿದ್ದು ಮಾಮೂಲಿ ವಿಚಾರಣೆಯೇ? ಯಾರ ಮಾಮೂಲು ಅದು?

ಬರೆದೆ. ಬೇರೆಯವರ ಆಸ್ತಿಪತ್ರದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗದಂತೆ ನಾಲ್ಕು ಸಲ ಓದುವವಳು, ನನ್ನ ತಮ್ಮನ ಜೀವದ ಬಗ್ಗೆ ಟೀ ಕುಡಿಯುತ್ತಾ ಬರೆದೆ: "ಸದರಿ ರಾಮಾಂಜಿನೇಯ ಕ್ಷೇಮವಾಗಿದ್ದು ಕುಟುಂಬದ ಸಂಪರ್ಕದಲ್ಲಿರುತ್ತಾನೆ." ಸದರಿ! ಅಮ್ಮ ಕೆಳಗೆ ಸಹಿ ಹಾಕಿದಳು. ನಮ್ಮ ಕಡೆ ಪತ್ರದ ಕೊನೆಯಲ್ಲಿ ದಸ್ತೂರಿ ಎಂದು ಹಾಕಿ ಬರೆದವರ ಹೆಸರು ಬರೆಯುವುದು ರೂಢಿ. ನಾಳೆ ಜಗಳ ಬಂದರೆ ಈ ಕೈಬರಹ ಯಾರದ್ದೆಂದು ಗೊತ್ತಾಗಬೇಕಲ್ಲ. ಅಭ್ಯಾಸಬಲದಿಂದ ಅದನ್ನೂ ಹಾಕಿದೆ. ದಸ್ತೂರಿ: ತನುಜಾ.

ದಾಳಿಯಾಗಿ ಹದಿನೈದನೆಯ ದಿನ ನನಗೊಂದು ಫೋನು ಬಂತು. ಹಡಗಿನ ಅಡಿಗೆಯವರು, ಮಂಗಳೂರು ಕಡೆಯವರು. ಹೆಸರು ಬರೆದರೆ ಅವರಿಗೆ ಮುಂದಿನ ಹಡಗು ಸಿಗುವುದಿಲ್ಲ, ಬರೆಯುವುದಿಲ್ಲ. ಅಂಜಿ ನನ್ನ ನಂಬರನ್ನು ಹಡಗಿನ ಅಡಿಗೆಮನೆಯ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದನಂತೆ. "ನಿಮಗೆ ಯಾರೂ ಹೇಳ್ಲೇ ಇಲ್ವಾ ಮಾರಾಯ್ರೆ?" ಎಂದು ಅವರು ಅಳುವುದಕ್ಕೇ ಶುರುಮಾಡಿದರು. ಹಡಗು ಬಂದರಿನ ಸರದಿಗಾಗಿ ಲಂಗರು ಹಾಕಿ ನಿಂತಿತ್ತು. ಬೆಳಗಿನ ಟೀ ಹೊತ್ತಿಗೆ ಒಂದು ಉದ್ದನೆಯ ದೋಣಿ ಬಂತು. ಒಂಬತ್ತು ಜನ. ಕೊಕ್ಕೆಯ ಏಣಿ ಎಸೆದು ಹತ್ತಿದರು. ಇಂಥ ವೇಳೆಗೆಂದೇ ಇರುವ ಗಟ್ಟಿ ಬಾಗಿಲಿನ ಕೋಣೆಗೆ ಓಡಿ ಒಳಗಿಂದ ಚಿಲಕ ಹಾಕಿಕೊಳ್ಳಬೇಕು, ಆಮೇಲೆ ಯಾರು ಬಡಿದರೂ ತೆಗೆಯಬಾರದು, ಅದು ನಿಯಮ. "ಅಂಜಿ ಬಾಗಿಲ ತನಕ ಬಂದಿದ್ದ ಅಕ್ಕ. ಬಡಿದ. ನನ್ನ ಹೆಸರು ಹಿಡಿದು ಕರೆದ. ನಾವು ತೆಗೀಲಿಲ್ಲ." ಆರು ಜನರನ್ನು ದೋಣಿಗೆ ತುಂಬಿಕೊಂಡು ಹೋದರು. ಕಂಪನಿಯವರು ಉಳಿದವರಿಂದ ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿಸಿಕೊಂಡು ಮನೆಗೆ ಕಳಿಸಿದರು. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಅವರು ತೆಗೆಯದ ಬಾಗಿಲು ಒಂದು, ನಾನು ಸಾಲು ಬರೆದು ಮುಚ್ಚಿದ ಬಾಗಿಲು ಇನ್ನೊಂದು.

ಅದೇ ದಿನ ನಿಮಗೆ ಬರೆದೆ. ನಿಮ್ಮ ಉತ್ತರವನ್ನು ಫ್ರೇಮು ಹಾಕಿಸಬೇಕು. ಒಂದು, ಕುಟುಂಬದ ಲಿಖಿತ ಹೇಳಿಕೆಯಂತೆ ಸದರಿ ನೌಕರ ಕ್ಷೇಮ. ಎರಡು, ಘಟನೆ ನಡೆದದ್ದು ತೀರದಿಂದ ಹನ್ನೊಂದು ಮೈಲಿಯಲ್ಲಿ. ಹನ್ನೆರಡು ಮೈಲಿಯ ಆಚೆಯಾದರೆ ಅದು ಕಡಲ್ಗಳ್ಳತನ, ಈಚೆಯಾದರೆ ಬರೀ ಸಶಸ್ತ್ರ ದರೋಡೆ, ಆದ್ದರಿಂದ ಅದು ಆ ದೇಶದ ಪೊಲೀಸರ ವಿಷಯ. ಮೂರು, ಹಡಗಿನ ಬಾವುಟ ಒಂದು ದೇಶದ್ದು, ಮಾಲೀಕರು ಮತ್ತೊಂದು ದೇಶದವರು, ಆದ್ದರಿಂದ ಅವರನ್ನು ಕೇಳಿಕೊಳ್ಳತಕ್ಕದ್ದು. ನಾಲ್ಕು, ಅಪರಿಚಿತ ನಂಬರಿನ ಕರೆ ಸ್ವೀಕರಿಸಬಾರದು. ಮಾನ್ಯರೇ, ನಾವು ಪತ್ರ ಬರೆಯುವವರು ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗೆ ಚಕ್ಕುಬಂದಿ ಎನ್ನುತ್ತೇವೆ. ನಾಲ್ಕೂ ದಿಕ್ಕಿಗೆ ಇಷ್ಟು ಅಚ್ಚುಕಟ್ಟಾಗಿ ಚಕ್ಕುಬಂದಿ ಬರೆದು ನಡುವೆ ಜಮೀನೇ ಇಲ್ಲದ ಪತ್ರವನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ನೀರು ಅವರದು, ಬಾವುಟ ಇವರದು, ಹಡಗು ಇನ್ನಾರದೋ. ಅಂಜಿ ಯಾರವನು?

ಗಡಿಯ ವಿಷಯ ನಮಗೆ ಹೊಸದೇನಲ್ಲ. ಹಿಂದೂಪುರದಿಂದ ಅರ್ಧ ಗಂಟೆ ಹೋದರೆ ಇನ್ನೊಂದು ರಾಜ್ಯ. ಕೆಲವು ವರ್ಷದ ಹಿಂದೆ ಗಡಿಯ ಹತ್ತಿರ ಹುಣಸೆಹಣ್ಣಿನ ವ್ಯಾಪಾರಿ ಮುನೆಪ್ಪನಿಗೆ ಲಾರಿ ಬಡಿಯಿತು. ಆ ಕಡೆಯ ಪೊಲೀಸರೂ ಈ ಕಡೆಯ ಪೊಲೀಸರೂ ಬಂದು ಟೇಪು ಹಿಡಿದು ಅಳೆಯತೊಡಗಿದರು. ಮುನೆಪ್ಪ ಕಾಲು ಮುರಿದುಕೊಂಡು ಬಿದ್ದಲ್ಲಿಂದಲೇ ಕೂಗಿದನಂತೆ: "ಸ್ವಾಮಿ, ಕಾಲು ನಿಮ್ ಕಡೀಕೈತೆ, ತಲೆ ಅವರ್ ಕಡೀಕೈತೆ. ಯಾರಾನ ಒಬ್ರು ಎತ್ರಪ್ಪೋ!" ಕೊನೆಗೆ ಟೊಮೆಟೊ ಆಟೋದವನೊಬ್ಬ ಯಾವ ರಾಜ್ಯ ಎಂದು ಕೇಳದೆ ಹೊತ್ತುಕೊಂಡು ಹೋದ. ಮುನೆಪ್ಪ ಈಗಲೂ ಕುಂಟುತ್ತಾ ಬಂದು ನನ್ನ ಮೇಜಿನ ಹತ್ತಿರ ಈ ಕಥೆ ಹೇಳಿ ನಗಿಸುತ್ತಾನೆ. ನಾನೂ ನಗುತ್ತಿದ್ದೆ. ಸಮುದ್ರದಲ್ಲಿ ಟೊಮೆಟೊ ಆಟೋ ಬರುವುದಿಲ್ಲ ಎಂಬುದು ಈಗ ತಿಳಿಯಿತು.

ದಾಳಿಯ ನಂತರದ ಮೂರನೆಯ ಶನಿವಾರ ನಾನು ಊರಿಗೆ ಹೋದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವ ಹೊತ್ತಿಗೆ ಅಮ್ಮ ಫೋನನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಅವಳಿಗೆ ಎಲ್ಲ ಹೇಳಿಯಾಗಿತ್ತು. ಆ ಎರಡು ರಿಂಗು ಹಡಗಿನಿಂದ ಬಂದದ್ದಲ್ಲ, ಹಿಡಿದುಕೊಂಡು ಹೋದವರ ಫೋನಿನಿಂದ ಬಂದದ್ದು ಎಂದೂ ಹೇಳಿದ್ದೆ. ಹತ್ತೂಕಾಲಿಗೆ ಫೋನು ಬಡಿಯಿತು. ಮೊದಲ ರಿಂಗು ಮುಗಿಯುವ ಮೊದಲೇ ಅಮ್ಮ ಎತ್ತಿದಳು. ನಾನು ಸ್ಪೀಕರ್ ಒತ್ತಿದೆ. ಹಕ್ಕಿಗಳ ಗಲಾಟೆ, ನೀರಿನ ಸದ್ದು, ಯಾರೋ ಕೆಮ್ಮಿದ್ದು. ಆಮೇಲೆ ನಮ್ಮ ಅಂಜಿಯ ದನಿ. ಅಳುವ ದನಿಯಲ್ಲ, ಬೈಯುವ ದನಿ.

"ಯಾಕಮ್ಮ ಎತ್ತಿದೆ? ಎರಡು ಹೊಡ್ದ್ರೆ ಎತ್ತಬಾರ್ದು ಅಂತ ನಿಂಗೊತ್ತಿಲ್ವಾ?"

"ಅಂಜಿ, ಎಲ್ಲಿದ್ದೀಯಪ್ಪಾ? ಉಂಡ್ಯಾ?"

"ನಾನ್ ಚೆನ್ನಾಗಿವ್ನಿ ಕಣಮ್ಮ. ಮಡಗು. ಫೋನ್ ಮಡಗಮ್ಮ ಅಂದ್ರೆ!"

ಹಿಂದೆ ಯಾರೋ ಇಂಗ್ಲಿಷಿನಲ್ಲಿ "ಅಳು, ಅವರಿಗೆ ಕೇಳುವ ಹಾಗೆ ಅಳು" ಎಂದು ಅರಚಿದರು. ಒಂದು ಪೆಟ್ಟಿನ ಸದ್ದು ಬಂತು. ಮನುಷ್ಯರ ಮೈಗೆ ಬಿದ್ದ ಪೆಟ್ಟು ಎಂದು ಹೇಳಿಕೊಡಬೇಕಾಗಿರಲಿಲ್ಲ. ಫೋನು ಕಟ್ಟಾಯಿತು.

ಆಗ ಅರ್ಥವಾಯಿತು. ಹಣಕ್ಕಾಗಿ ಮನೆಯವರನ್ನು ಹೆದರಿಸು ಎಂದು ಅವರು ವಾರಕ್ಕೊಮ್ಮೆ ಅವನ ಕೈಗೆ ಫೋನು ಕೊಡುತ್ತಿದ್ದಾರೆ. ಅವನು ಎರಡು ರಿಂಗಿಗೆ ಕಟ್ ಮಾಡಿ, ಯಾರೂ ಎತ್ತುತ್ತಿಲ್ಲ ಎಂದು ಅವರಿಗೆ ಹೇಳಿ, ಅಮ್ಮನಿಗೆ ಕ್ಷೇಮ ಎಂದು ಕಳಿಸುತ್ತಿದ್ದಾನೆ. ಅಮ್ಮ ಹೆದರಬಾರದೆಂದು ತಮ್ಮ ಹೇಳಿದ ಸುಳ್ಳು ಅದು. ಆ ಸುಳ್ಳನ್ನು ನಾನು ನಿಜವೆಂದು ಬರೆದುಕೊಟ್ಟೆ, ನೀವು ಅದಕ್ಕೆ ಮೊಹರು ಒತ್ತಿ ಬೀರುವಿನಲ್ಲಿ ಇಟ್ಟುಕೊಂಡಿರಿ. ನಮ್ಮ ತಪ್ಪು ಪ್ರೀತಿಯಿಂದ ಆದದ್ದು, ನಿಮ್ಮದು ಅನುಕೂಲದಿಂದ ಆದದ್ದು. ಇಷ್ಟು ವ್ಯತ್ಯಾಸವನ್ನಾದರೂ ದಾಖಲಿಸಿಕೊಳ್ಳಿ. ಎರಡನೆಯ ಪತ್ರದಲ್ಲಿ ಈ ಕರೆಯ ವಿವರ, ನಂಬರು, ಗಂಟೆ, ನಿಮಿಷ ಎಲ್ಲ ಕೊಟ್ಟೆ. ಬಂದ ಉತ್ತರವೇನು? ನಾಲ್ಕನೆಯ ಸೂಚನೆಯನ್ನು ಉಲ್ಲಂಘಿಸಿ ಅಪರಿಚಿತ ಕರೆ ಸ್ವೀಕರಿಸಿದ್ದು ವಿಷಾದನೀಯ ಎಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಾದರೂ ಇಲಿಯ ಕಡೆ ನೋಡುತ್ತದೆ.

ಅಂದಿನಿಂದ ಅಮ್ಮ ಎತ್ತುವುದಿಲ್ಲ. "ನಾನ್ ಎತ್ತಿದ್ಕೇ ಅವನ್ಗೆ ಏಟು ಬಿತ್ತು ಕಣಮ್ಮ" ಎನ್ನುತ್ತಾಳೆ. ಆರು ಶನಿವಾರ ನಾವಿಬ್ಬರೂ ಕೂತು ನೋಡಿದೆವು. ಫೋನು ನೆಲದ ಮೇಲಿರುತ್ತಿತ್ತು. ಹತ್ತೂಕಾಲು. ಒಂದು. ಎರಡು. ನಿಲ್ಲುತ್ತಿತ್ತು. ಅಂಗನವಾಡಿಗೆ ಅಮ್ಮ ಈಗ ಶನಿವಾರ ರಜೆ ಹಾಕುತ್ತಾಳೆ. ಎದುರುಮನೆಯ ವೀರಭದ್ರಮ್ಮ ಆ ಹೊತ್ತಿಗೆ ತನ್ನ ಮನೆಯ ಟಿವಿ ಆರಿಸುತ್ತಾಳೆ. ಬೀದಿಯೇ ಕಿವಿಗೊಟ್ಟಿರುತ್ತದೆ. ನನಗೆ ಭಯವಾಗುತ್ತದೆ ಮಾನ್ಯರೇ. ಒಂದು ಬೀದಿಗೆ ಬೀದಿಯೇ ಉಸಿರು ಹಿಡಿದು ಕೂತದ್ದನ್ನು ನಾನು ನೋಡಿರಲಿಲ್ಲ.

ಕಳೆದ ಶನಿವಾರ, ಅರವತ್ತೇಳನೆಯ ದಿನ, ಹತ್ತೂಕಾಲಿಗೆ ಫೋನು ಒಂದು ಸಲ ಬಡಿಯಿತು. ನಿಂತುಹೋಯಿತು.

ಕಾದೆವು. ಮಧ್ಯಾಹ್ನದವರೆಗೆ ಕಾದೆವು. ಆ ನಂಬರಿಗೆ ನಾನೇ ತಿರುಗಿ ಮಾಡಿದೆ, ಸ್ವಿಚ್ ಆಫ್. ಅಮ್ಮ ನನ್ನ ಮುಖ ನೋಡಿ ಕೇಳಿದಳು: "ಒಂದು ಹೊಡ್ದ್ರೆ ಏನಮ್ಮ ಲೆಕ್ಕ?" ಎರಡಕ್ಕೆ ಅರ್ಥವಿದೆ. ಬಿಡದೆ ಹೊಡೆದರೆ ಅದಕ್ಕೂ ಅರ್ಥವಿದೆ. ಒಂದಕ್ಕೆ ನಮ್ಮ ಹಿರಿಯರಾಗಲಿ, ಬೋರ್‌ವೆಲ್ ಲಾರಿಯವರಾಗಲಿ ಅರ್ಥ ಗೊತ್ತುಮಾಡಿಲ್ಲ. ನೆಟ್‌ವರ್ಕ್ ಇರಲ್ಲಮ್ಮ ಎಂದೆ. ಅವಳು ನಂಬಲಿಲ್ಲ, ನಂಬಿದ ಹಾಗೆ ತಲೆಯಾಡಿಸಿದಳು.

ನನ್ನ ಬೇಡಿಕೆ ದೊಡ್ಡದಲ್ಲ. ನೌಕಾಪಡೆ ಕಳಿಸಿ ಎಂದು ಕೇಳುತ್ತಿಲ್ಲ. ನಾನು ಬರೆದುಕೊಟ್ಟ ಸಾಲಿಗೆ ಅಡ್ಡಗೆರೆ ಎಳೆಯಿರಿ. ಅದರ ಮೇಲೆ "ರಾಮಾಂಜಿನೇಯನನ್ನು ಅಪಹರಿಸಲಾಗಿದೆ" ಎಂದು ಬರೆಯಿರಿ. ಹಾಗೆ ಬರೆದ ಕಾಗದವನ್ನು ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೂ, ಬಾವುಟದ ದೇಶಕ್ಕೂ, ಮಾಲೀಕರಿಗೂ ನಿಮ್ಮ ಸಹಿಯೊಂದಿಗೆ ಕಳಿಸಿ. ಉಳಿದ ಐದು ಮನೆಯವರಿಂದಲೂ ಹೀಗೆಯೇ ಎರಡೆರಡು ಸಾಲು ಬರೆಸಿಕೊಂಡಿದ್ದರೆ ಅವಕ್ಕೂ ಗೆರೆ ಎಳೆಯಿರಿ. ಕ್ಷೇಮವಾಗಿರುವವನನ್ನು ಯಾರೂ ಹುಡುಕುವುದಿಲ್ಲ. ಕಾಣೆಯಾದವನನ್ನಾದರೂ ಹುಡುಕುತ್ತಾರೇನೋ. ಹನ್ನೊಂದು ಮೈಲಿಯೋ ಹನ್ನೆರಡು ಮೈಲಿಯೋ ಎಂಬುದನ್ನು ಅವನು ಮನೆಗೆ ಬಂದ ಮೇಲೆ ನಾವೆಲ್ಲ ಕೂತು ಅಳೆಯೋಣ, ಟೇಪು ನಾನೇ ತರುತ್ತೇನೆ.

ಇವತ್ತು ಬುಧವಾರ. ನಿಮಗೆ ನಾಳೆ, ನಾಡಿದ್ದು ಎರಡು ದಿನವಿದೆ. ಶನಿವಾರ ಹತ್ತೂಕಾಲಿಗೆ ನಾನು ಅಮ್ಮನ ಪಕ್ಕ ಕೂತಿರುತ್ತೇನೆ. ನೀವೂ ನಿಮ್ಮ ಕುರ್ಚಿಯಲ್ಲಿ ಆ ಹೊತ್ತಿಗೆ ಒಂದು ನಿಮಿಷ ಸುಮ್ಮನೆ ಕೂತು ನೋಡಿ. ಫೋನು ಬಡಿಯದೇ ಹೋದರೆ ಅದಕ್ಕೇನು ಅರ್ಥ ಎಂದು ಅಮ್ಮ ಕೇಳುತ್ತಾಳೆ. ಆ ಉತ್ತರವನ್ನು ನಾನು ಬರೆದುಕೊಡುವುದಿಲ್ಲ.

ಇಂತಿ,
ಒಂದೇ ಸಾಲು ತಪ್ಪು ಬರೆದ,
ದಸ್ತೂರಿ: ತನುಜಾ
ಹಿಂದೂಪುರ