ನೀರಿನ ನೆಪ

ಇವಳೇ,

ಹೆಸರು ಹಿಡಿದು ಕರೆದ ಅಭ್ಯಾಸ ನನಗಿಲ್ಲ. ಕಾಗದದಲ್ಲಾದರೂ ಕರೆಯೋಣವೆಂದರೆ ಪೆನ್ನೂ ನಾಚುತ್ತದೆ. ಹೀಗೇ ಓದಿಕೋ.

ಎಣ್ಣೆ ಅಂಗಡಿ ನಡೆಯುತ್ತಿದೆ. ಗಾಣ ನನಗಿಂತ ಗಟ್ಟಿಯಾಗಿದೆ. ಗಿರಾಕಿಗಳಿಗೆ ನಾನು ಸಾಹುಕಾರ್ರು, ಪಕ್ಕದ ಟೈಲರಿಗೆ ಅಣ್ಣ, ನಿನ್ನ ತಂಗಿಗೆ ಭಾವ. "ರೀ" ಎನ್ನುವವರು ಮಾತ್ರ ಯಾರೂ ಇಲ್ಲ. ನೀನು ಕಣ್ಣು ಮುಚ್ಚಿ ವರ್ಷವಾಯಿತು. ಆ "ರೀ" ಖಾತೆಗೆ ಇನ್ನು ಜಮಾ ಆಗುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹಿತ್ತಲಿನ ಆಲಿವ್ ಮರಕ್ಕೆ ಹುಷಾರಿಲ್ಲ.

ಗಾಣ ಮಾರಿದವನು ಕೊಸರಿಗೆ ಕೊಟ್ಟ ಕಡ್ಡಿಯಂಥ ಸಸಿ ಅದು. "ಪುಕ್ಕಟೆ ಬಂದದ್ದು ಬದುಕಲ್ಲ ಕಣೇ" ಎಂದೆ. "ನಾನೂ ನಿಮಗೆ ಪುಕ್ಕಟೆಯೇ ಬಂದಿದ್ದು, ಬದುಕಿಲ್ವಾ?" ಎನ್ನುತ್ತ ನೀನೇ ಗುಂಡಿ ತೋಡಿದೆ. ನಲ್ಲಿ ಒಣಗಿದ ಆ ಬೇಸಿಗೆಗಳಲ್ಲಿ ಗುಲಾಬಿ, ಮಲ್ಲಿಗೆ ಎಲ್ಲ ಕೈಕೊಟ್ಟವು. ಅದೊಂದೇ, ಬೂದುಬಣ್ಣದ ಎಲೆ ಅಲ್ಲಾಡಿಸುತ್ತ ನಿಂತಿತು. ಕಾಯಿ ಬಿಟ್ಟ ಮೊದಲ ವರ್ಷ, ನಮ್ಮ ಗಾಣದಲ್ಲೇ ತೆಗೆದ ಎಣ್ಣೆಯನ್ನು ಪುಟ್ಟ ಲೋಟಕ್ಕೆ ಹಾಕಿ, ಅಂಗೈಯಿಂದ ಮುಚ್ಚಿ ಬೆಚ್ಚಗೆ ಮಾಡಿ ನನಗೆ ಕುಡಿಸಿದೆ. ಗಂಟಲು ಉರಿದು ಕೆಮ್ಮು ಬಂತು. "ಕೆಮ್ಮಿಸಿದ್ರೇನೇ ಒಳ್ಳೇ ಎಣ್ಣೆ ರೀ. ನಮ್ಮದು ಪಾಸು!" ಎಂದು ಚಪ್ಪಾಳೆ ತಟ್ಟಿದ್ದೆ ನೀನು.

ನೀನು ಹೋದ ಮೇಲೆ, ಅಂಗಡಿಗೆ ಹೊರಡುವ ಮುಂಚೆ ಆ ಮರದ ಹತ್ತಿರ ನಿಲ್ಲುವುದು ರೂಢಿಯಾಯಿತು. ಸುಮ್ಮನೆ ನಿಂತು ಮಾತಾಡಿದರೆ ಕಾಂಪೌಂಡಿನಾಚೆಯವರು ಏನಂದುಕೊಂಡಾರು? ಅದಕ್ಕೆ ಒಂದು ಬಿಂದಿಗೆ ನೀರು ಹಿಡಿದು ಹೋಗುತ್ತಿದ್ದೆ. ಗಿಡಕ್ಕೆ ನೀರು ಹಾಕುವವನು ಗೊಣಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಮಾತು ಹೆಚ್ಚಿದ್ದ ದಿನ ಇನ್ನೊಂದು ಬಿಂದಿಗೆ.

ಎಲೆ ಹಳದಿಯಾಯಿತು. ನೀರು ಸಾಲದೆಂದು ಇನ್ನಷ್ಟು ಸುರಿದೆ. ಮೊನ್ನೆ ಬಂದ ನಿನ್ನ ತಂಗಿ ಬುಡದ ಮಣ್ಣು ಕೆದಕಿ ಮೂಸಿದಳು. "ಭಾವ, ಇದನ್ನ ಮರ ಅಂದ್ಕೊಂಡ್ರೋ, ಎಮ್ಮೆ ಅಂದ್ಕೊಂಡ್ರೋ? ಬೇರು ಕೊಳೀತಿದೆ. ಬರಗಾಲಾನೇ ಅರಗಿಸಿಕೊಂಡ ಮರಾನ ಉಪಚಾರ ಮಾಡಿ ಕೊಲ್ತಿದ್ದೀರಲ್ಲ!" ಇನ್ನೂ ಏನೋ ಚುಚ್ಚಲು ಹೊರಟವಳು ನನ್ನ ಮುಖ ನೋಡಿ ಬಿಂದಿಗೆಯನ್ನು ಅಟ್ಟಕ್ಕೇರಿಸಿದಳು. "ಒಣಗೋಕೆ ಬಿಡಿ. ಬದುಕಿದ್ರೆ ಅದರ ಪುಣ್ಯ."

ಹಾಗಾಗಿ ಈಗ ಬೆಳಿಗ್ಗೆ ನನ್ನ ಕೈ ಖಾಲಿ. ಹಿತ್ತಲ ಬಾಗಿಲವರೆಗೆ ಹೋಗಿ ವಾಪಸು ಬರುತ್ತೇನೆ. ಹೇಳಬೇಕಾದದ್ದೆಲ್ಲ ಒಳಗೇ ನಿಂತುಬಿಡುತ್ತದೆ. ನಿಂತ ನೀರು ಬೇರಿಗಷ್ಟೇ ಅಲ್ಲ ಕೇಡು. ಅದಕ್ಕೇ ಈ ಕಾಗದ.

ಚಿಗುರು ಬಂತೆಂದು ಬರೆಯುವ ಆಸೆ. ಬಂದಿಲ್ಲ. ಎಲೆ ಉದುರುವುದು ಸ್ವಲ್ಪ ಕಡಿಮೆಯಾಗಿದೆ, ಅಷ್ಟೆ. ನೀನು ತುಂಬಿಸಿಟ್ಟಿದ್ದ ಈ ಮರದ ಎಣ್ಣೆಯ ಕೊನೆಯ ಸೀಸೆಯನ್ನು ನಿನ್ನೆ ಬಗ್ಗಿಸಿ, ಲೋಟವನ್ನು ನಾನೇ ಬೆಚ್ಚಗೆ ಮಾಡಿಕೊಂಡು ಕುಡಿದೆ. ಕೆಮ್ಮು ಬರಲಿಲ್ಲ. ಹಳೆಯ ಎಣ್ಣೆಯಲ್ಲಿ ಆ ಉರಿ ಉಳಿಯುವುದಿಲ್ಲ. ವ್ಯಾಪಾರದವನಿಗೆ ಇಷ್ಟು ಗೊತ್ತಿರಬೇಕು, ಗೊತ್ತಿದೆ. ಆದರೂ ಲೋಟ ಹಿಡಿದುಕೊಂಡು ಬಹಳ ಹೊತ್ತು ಕಾದೆ.

ಈ ಮರ ಬದುಕಬೇಕು ಕಣೇ. ನನಗೆ ಇನ್ನೊಂದು ಸಲ ಕೆಮ್ಮಬೇಕು.

ನೀನಿರುವ ಕಡೆ ತಣ್ಣಗಿರು. ಬಿಂದಿಗೆ ಮುಟ್ಟುವುದಿಲ್ಲ, ನಿನ್ನಾಣೆ.

ಇಂತಿ ನಿನ್ನ,
ರೀ