ದೇವರ ಗೂಡಿನ ಗೂಬೆ

ಚಿಕ್ಕಪ್ಪಾ,

ಬದುಕಿದ್ದಷ್ಟು ದಿನ ನಿನ್ನನ್ನು ‘ನೀವು’ ಎಂದೆ. ಇನ್ನು ನನ್ನ ಕೈಲಾಗುವುದಿಲ್ಲ. ತೀರಿಕೊಂಡವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಸರಿ, ಊರಿನವರ ಹತ್ತಿರ ಆಡುವುದಿಲ್ಲ, ನಿನ್ನ ಹತ್ತಿರವೇ ಆಡುತ್ತೇನೆ. ಹೋದ ತಿಂಗಳು ನಿನ್ನ ಮಗ ಮುಳಬಾಗಿಲಿನಿಂದ ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಬಂದು ನಿನ್ನ ಕಾಸಿನ ಡಬ್ಬಿ ಕೊಟ್ಟು ಹೋದ. ಅದೇ ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಅದೇ ತುಕ್ಕು. ಗ್ರೀಸ್ ದೇಶದ ಕಾಸೆಂದರೆ ನಿಮ್ಮಕ್ಕನಿಗೆ ಪ್ರಾಣ, ಅವಳಿಗೇ ಸೇರಬೇಕು ಅಂತ ಕೊನೆಗಾಲದಲ್ಲಿ ಹೇಳಿದೆಯಂತೆ. ಪ್ರಾಣವಂತೆ! ಆ ಕಾಸು ನನ್ನ ಪ್ರಾಣ ಹಿಂಡಿದ್ದು ನಿನ್ನ ಮಗನಿಗೆ ಹೇಗೆ ಗೊತ್ತಿರಬೇಕು? ಕಾಫಿ ಕೊಟ್ಟು ಕಳಿಸಿದೆ.

ರಜೆಗೆ ಬಂದಾಗಲೆಲ್ಲ ನೀನು ಮುಳಬಾಗಿಲಿನ ಮನೆಯ ಜಗಲಿ ಮೇಲೆ ಟವೆಲ್ ಹಾಸಿ ಆ ಡಬ್ಬಿ ಸುರಿಯುತ್ತಿದ್ದೆ. ಗ್ರೀಕರ ಸರಕು ಹಡಗಿನಲ್ಲಿ ಅಡುಗೆ ಕೆಲಸ ನಿನ್ನದು. ಮುಳಬಾಗಿಲ ದೋಸೆಯನ್ನು ನಡುಸಮುದ್ರದಲ್ಲಿ ಹುಯ್ದವನು ನಾನೊಬ್ಬನೇ ಅಂತ ಜಂಭ ಬೇರೆ. ನಡುವೆ ತೂತಿದ್ದ ಅಲ್ಯುಮಿನಿಯಂ ಕಾಸನ್ನು ನಾನು ದಾರಕ್ಕೆ ಪೋಣಿಸಿಕೊಂಡು ಸ್ಕೂಲಿಗೆ ಹೋಗಿದ್ದೆ. ಅದರ ಮೇಲಿದ್ದದ್ದು ಆಲಿವ್ ಕೊಂಬೆ, ಅವರಿಗೆ ಅದು ನಮ್ಮ ಮಾವಿನ ತೋರಣ ಇದ್ದ ಹಾಗೆ ಅಂತ ಹೇಳಿಕೊಟ್ಟವನು ನೀನೇ. ಹೊಟ್ಟೆ ಉರಿಯುವುದು ಅದಕ್ಕೇ. ಏನೂ ತಿಳಿಯದವನು ಸುಳ್ಳು ಹೇಳಿದ್ದರೆ ಅವನ ಹಣೆಬರಹ ಅಂತ ಬಿಟ್ಟುಬಿಡುತ್ತಿದ್ದೆ.

ಒಂದು ಸಲ ಎರಡು ಹಿತ್ತಾಳೆ ಬಣ್ಣದ ಕಾಸು ಪಕ್ಕಪಕ್ಕ ಇಟ್ಟು ಕಥೆ ಹೇಳಿದ್ದೆಯಲ್ಲ, ನೆನಪಿದೆಯೋ? ಮೊದಲನೆಯದರಲ್ಲಿ ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಬೆಂಕಿಯಿಂದ ಎದ್ದು ಬರುವ ಹಕ್ಕಿ, ಅದರ ಮುಂದೆ ಬಂದೂಕು ಹಿಡಿದ ಸಿಪಾಯಿ. ಸೈನ್ಯದವರು ದೇಶವನ್ನು ಕೈಗೆ ತೆಗೆದುಕೊಂಡಾಗ ಹೊಡೆಸಿದ ಕಾಸು ಅದು. ಆಮೇಲೆ ರಾಜನನ್ನೂ ಓಡಿಸಿದರು. ಎರಡನೇ ಕಾಸಿನಲ್ಲಿ ರಾಜನ ಜಾಗಕ್ಕೆ ಗೂಬೆ ಬಂದಿತ್ತು. ಹಿಂಬದಿಯಲ್ಲಿ ಸಿಪಾಯಿ ಇರಲಿಲ್ಲ, ಹಕ್ಕಿ ಮಾತ್ರ ಇತ್ತು. ಗೂಬೆ ಅವರ ಪುರಾಣದ ವಿದ್ಯಾದೇವತೆಯ ಹಕ್ಕಿ, ಅಥೆನ್ಸಿನ ಪುರಾತನ ಬೆಳ್ಳಿ ನಾಣ್ಯಗಳ ಮೇಲೂ ಅದೇ ಇತ್ತು ಅಂದೆ. ನಿನ್ನ ಹಡಗಿನ ದೊಡ್ಡ ಅಡುಗೆಯವನ ತಮ್ಮನನ್ನು ಆ ಸೈನ್ಯದವರು ಏನೋ ಮಾತಾಡಿದ ಅಂತ ಹಿಡಿದು ಜೈಲಿಗೆ ಹಾಕಿದ್ದರಂತೆ. ಆ ಬೆಂಕಿಹಕ್ಕಿಯ ಕಾಸು ಕೈಗೆ ಬಂದರೆ ಅವನು ಉಗಿದು ನಿನ್ನ ಕಡೆ ಎಸೆಯುತ್ತಿದ್ದನಂತೆ. ನಿನ್ನ ಡಬ್ಬಿ ತುಂಬಿದ್ದೇ ಹಾಗೆ.

ಅಂದರೆ ನಿನಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇಷ್ಟು ಗೊತ್ತಿದ್ದೂ ನನ್ನ ಮದುವೆಯಲ್ಲಿ…

ಹೆಂಗಸರು ನನ್ನ ಮಡಿಲು ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ ಎಲ್ಲ ಆಯಿತು. ಎಲ್ಲರೂ ಒಂದೊಂದು ನಾಣ್ಯ ಹಾಕುವಾಗ ನೀನು ಗಂಡಸರ ಸಾಲಿನಿಂದ ಎದ್ದು ಬಂದು, ಫಾರಿನ್ ಕಾಸು ಹಾಕ್ತೀನಿ ನೋಡಿ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಆ ಎರಡನೇ ಕಾಸನ್ನು ಅಕ್ಕಿಯ ಮೇಲೆ ಹಾಕಿದೆ. ಅದು ಬಿದ್ದದ್ದು ಗೂಬೆ ಮೇಲಾಗಿ. ಗಂಡನ ತಾಯಿ, ನನ್ನ ಅತ್ತೆ, ಬಗ್ಗಿ ನೋಡಿದರು. ಅವರಿಗೆ ಗಾಬರಿಯಾದರೆ ತೆಲುಗೇ ಬರುವುದು. “ಗುಡ್ಲಗೂಬ ಗದಾ ಇದಿ”, ಗೂಬೆಯಲ್ಲವೇ ಇದು ಅಂದರು, ಅಷ್ಟೆ. ಛತ್ರದಲ್ಲಿ ವಾಲಗದವರೂ ನಿಲ್ಲಿಸಿದರು.

ಆಗ ನಿಜ ಹೇಳಲು ನಿನಗೇನು ಬಂದಿತ್ತು ಧಾಡಿ? ಇದು ವಿದ್ಯೆಯ ಹಕ್ಕಿ ತಾಯಿ, ಅವರ ದೇಶದಲ್ಲಿ ಇದು ಸರಸ್ವತಿಯ ಹಂಸ ಇದ್ದ ಹಾಗೆ ಅಂದಿದ್ದರೆ ನಿನ್ನ ಬಾಯಿ ಸವೆಯುತ್ತಿತ್ತೇ? ನೀನು ಮಾಡಿದ್ದು ಬೇರೆ. ಬೀಗರು ತಿರುಪತಿ ತಿಮ್ಮಪ್ಪನ ಒಕ್ಕಲು ಅಂತ ತಿಳಿದಿದ್ದವನು ಕಾಸನ್ನು ಮಗುಚಿ, ರೆಕ್ಕೆ ಬಿಚ್ಚಿದ ಆ ಹಕ್ಕಿಯನ್ನು ತೋರಿಸಿ, “ಗರುಡ ಕಣಮ್ಮ. ಸಾಕ್ಷಾತ್ ಸ್ವಾಮಿ ವಾಹನ” ಅಂದೆ. ಅತ್ತೆ ಕಣ್ಣಿಗೊತ್ತಿಕೊಂಡರು. ವಾಲಗ ಮತ್ತೆ ಶುರುವಾಯಿತು. ತಲೆ ಬಗ್ಗಿಸಿ ಕೂತಿದ್ದ ನನ್ನ ಕಡೆ ನೋಡಿ ನೀನು ಕಣ್ಣು ಹೊಡೆದೆ.

ಆ ಕಾಸು ಶ್ರೀನಿವಾಸಪುರದಲ್ಲಿ ಅತ್ತೆ ಮನೆಯ ದೇವರ ಗೂಡು ಸೇರಿತು. ಗರುಡ ಮೇಲೆ, ಗೂಬೆ ಕೆಳಗೆ. ಶುಕ್ರವಾರಕ್ಕೊಮ್ಮೆ ನಾನು ಹುಣಸೆಹಣ್ಣು ಹಚ್ಚಿ ಗರುಡನ ಮುಖ ಉಜ್ಜಬೇಕು, ಗೂಬೆಯ ಮುಖಕ್ಕೆ ಬೆರಳೂ ತಾಗಬಾರದು. ನಾಣ್ಯಕ್ಕೆ ಹುಣಸೆಹಣ್ಣು ಹಾಕಿ ಉಜ್ಜುವುದೆಂದರೇನು ಅಂತ ಕಾಸು ಕೂಡಿಸುವವರನ್ನು ಕೇಳು, ಅವರ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಮಾವಿನ ಹೂವು ಉದುರಿದರೆ, ಹಸು ಹಾಲು ಕಡಿಮೆ ಮಾಡಿದರೆ ಅತ್ತೆ ಮೊದಲು ಹೋಗಿ ಕಾಸು ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು. ಗೂಬೆಯನ್ನು ಮಡಿಲಲ್ಲಿ ತಂದವಳು ನಾನೇ ತಾನೆ? ನಿಜ ಹೇಳಿದರೂ ಸೊಸೆಯ ಮಾತು ಯಾರು ನಂಬುತ್ತಿದ್ದರು? ನೀನು ಮಾತ್ರ ಮಾವಿನ ಕಾಲಕ್ಕೆ ತಪ್ಪದೆ ಬರುತ್ತಿದ್ದೆ. ಬಾದಾಮಿ ಮಾವಿನ ಹಣ್ಣು ತಿಂದು, ಕೈ ತೊಳೆದು, ಗೂಡಿನ ಮುಂದೆ ಕೈಮುಗಿದು ನಿಲ್ಲುತ್ತಿದ್ದೆ. ತಿರುಗಿ ನನಗೆ ಮತ್ತೆ ಕಣ್ಣು ಹೊಡೆಯುತ್ತಿದ್ದೆ. ನಮ್ಮಿಬ್ಬರದೂ ಒಂದು ತಮಾಷೆ ಅನ್ನುವ ಹಾಗೆ.

ನನ್ನ ಒಂದು ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅತ್ತೆ ಗೂಡಿಗೆ ಕೈ ಹಾಕಿದರೆ ಗೂಬೆ ಮೇಲಾಗಿತ್ತು. ಇಲಿ ಓಡಾಡಿತ್ತೋ, ದೀಪದ ಬತ್ತಿ ಎಳೆಯುವಾಗ ಯಾರ ಬಳೆ ತಾಗಿತ್ತೋ, ದೇವರಿಗೇ ಗೊತ್ತು. ಅಮ್ಮನ ಮನೆಗೆ ಹೋಗಿ ಸುಧಾರಿಸಿಕೊಳ್ಳಲಿ ಅಂದರು. ಸುಧಾರಿಸಿಕೊಂಡ ಮೇಲೂ ಯಾರೂ ಕರೆಯಲು ಬರಲಿಲ್ಲ. ನನ್ನ ಗಂಡ ಭಾನುವಾರ ಬಂದು ಊಟ ಮಾಡಿ, ಅಮ್ಮನ ಸಿಟ್ಟು ಇಳಿಯಲಿ ಅಂತ ಹೇಳಿ ಹೋಗುತ್ತಿದ್ದರು. ನೀನು ಆಗ ಊರಲ್ಲೇ ಇದ್ದೆ. ನಿಮ್ಮ ದಮ್ಮಯ್ಯ, ಹೋಗಿ ನಿಜ ಹೇಳಿ ಬನ್ನಿ ಅಂತ ನಿನ್ನ ಮುಂದೆ ಅತ್ತೆನಲ್ಲ, ಅದಾದರೂ ನೆನಪಿತ್ತೇ ಸಾಯುವಾಗ?

“ಅವ್ರಿಗೆಲ್ಲ ಎಲ್ಲಮ್ಮ ಅರ್ಥ ಆಗುತ್ತೆ? ಹಳ್ಳಿ ಜನ. ಗರುಡನ್ ಕೈಲೇ ಕೆಲಸ ಮಾಡಿಸ್ತೀನಿ ಬಿಡು” ಅಂದೆ.

ಹೋದೆ, ಅವರ ಮನೆಯಲ್ಲಿ ಒಬ್ಬಟ್ಟು ತಿಂದೆ. ಗರುಡ ಮುನಿಸಿಕೊಂಡಿದ್ದಾನೆ, ಆ ಹುಡುಗಿ ಕೈಯಿಂದಲೇ ಶುಕ್ರವಾರದ ಪೂಜೆ ಆಗಬೇಕು ಅಂತ ಅಪ್ಪಣೆಯಾಗಿದೆ ಅಂದೆ. ಮಾರನೇ ದಿನ ಅತ್ತೆ ಹೂವು ಹಣ್ಣು ತಂದು ನನ್ನನ್ನು ಕರೆದುಕೊಂಡು ಹೋದರು. ಎಲ್ಲರೂ ನಿನ್ನನ್ನು ಹೊಗಳಿದರು, ನನ್ನ ಬಾಳು ಉಳಿಸಿದವನು ಅಂತ. ಉಳಿಯಿತು, ಇಲ್ಲ ಅನ್ನುವುದಿಲ್ಲ. ನಿನ್ನ ಒಂದು ಸುಳ್ಳಿನಿಂದ ಹೊರಗೆ ಬಿದ್ದೆ, ಇನ್ನೊಂದು ಸುಳ್ಳಿನಿಂದ ಒಳಗೆ ಬಂದೆ. ಕಳೆದುಕೊಂಡ ಮಗುವಿಗೆ ಕಾರಣ ನಾನಲ್ಲ ಅಂತ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ, ಚಿಕ್ಕಪ್ಪ.

ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಕೆಲಸಕ್ಕೆ ಸೇರಿದ ಮೇಲೆ ನಾನೂ ಗ್ರೀಸಿನ ಕಾಸು ಕೂಡಿಸಲು ಶುರು ಮಾಡಿದೆ. ಪ್ರೀತಿಯಿಂದ ಅಂದುಕೊಂಡಿದ್ದೆ ನೀನು. ಹಟಕ್ಕೆ! ನೀನು ಇನ್ನೂ ಏನೇನು ಸುಳ್ಳು ಹೇಳಿದ್ದೀಯ ನೋಡೋಣ ಅಂತ. ಕೋಲಾರಕ್ಕೆ ಹೋದರೆ ಹಳೇ ನಾಣ್ಯ ಮಾರುವವನ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಡುಕುತ್ತಿದ್ದೆ. ಆಮೇಲೆ ಫೋನಿನಲ್ಲೇ ತರಿಸಿಕೊಳ್ಳುವುದು ಕಲಿತೆ. ನನ್ನ ಬೀರುವಿನ ರವಿಕೆ ಕಣಗಳ ಕೆಳಗೆ ಈಗ ಒಂದು ದೇಶದ ಚರಿತ್ರೆಯೇ ಇದೆ. ಸೈನ್ಯದವರು ಬಿದ್ದುಹೋದ ಮೇಲಿನ ಕಾಸುಗಳಲ್ಲಿ ಬೆಂಕಿಹಕ್ಕಿ ಮಾಯ. ಅದರ ಬದಲು ಸ್ವಾತಂತ್ರ್ಯಕ್ಕೆ ಹೋರಾಡಿದ ಹಡಗು, ಕಂಬಗಳ ಗುಡಿ, ಅಣುವಿನ ಬಗ್ಗೆ ಯೋಚಿಸಿದ ಗಡ್ಡದ ಜ್ಞಾನಿ. ಆಮೇಲಿನ ಒಂದು ಕಾಸಿನ ಮೇಲೆ, ಗಂಡ ಸತ್ತ ಮೇಲೆ ತಾನೇ ಹಡಗು ಕಟ್ಟಿಸಿ ಯುದ್ಧಕ್ಕೆ ಹೋದ ಹೆಂಗಸು ಇದ್ದಾಳೆ. ಅವಳನ್ನು ನೀನು ಯಾಕೆ ತೋರಿಸಲಿಲ್ಲ ನನಗೆ? ಯೂರೋ ಬಂದಾಗ ಒಂದು ಯೂರೋ ಕಾಸಿನ ಮೇಲೆ ಗೂಬೆಯೇ ಮರಳಿ ಬಂತು. ಎರಡು ಯೂರೋ ಕಾಸಿನ ಮೇಲೆ ಹೆಣ್ಣನ್ನು ಬೆನ್ನ ಮೇಲೆ ಹೊತ್ತೊಯ್ಯುವ ಗೂಳಿ. ನೀನಾಗಿದ್ದರೆ ನಂದಿ ಅಂತ ಹೇಳಿ ಅದಕ್ಕೂ ಕೈಮುಗಿಸಿರುತ್ತಿದ್ದೆ.

ನಿನಗೇ ಗೊತ್ತಿಲ್ಲದ ಒಂದು ಸಂಗತಿ ಹೇಳಲೇ? ಆ ಬೆಂಕಿಹಕ್ಕಿ ಸಿಪಾಯಿಗಳದ್ದಲ್ಲ. ಗ್ರೀಸ್ ತುರ್ಕರಿಂದ ಬಿಡಿಸಿಕೊಂಡಾಗ ಹೊಡೆಸಿದ ಮೊದಲನೇ ನಾಣ್ಯದ ಮೇಲೆ ಇದ್ದದ್ದೇ ಆ ಹಕ್ಕಿ, ನಾಣ್ಯದ ಹೆಸರೂ ಹಕ್ಕಿಯದೇ. ಬೂದಿಯಿಂದ ಮತ್ತೆ ಹುಟ್ಟುತ್ತದಲ್ಲ, ಹಾಗೆ ನಾವೂ ಅಂತ ಆ ಜನ ಆಸೆಯಿಂದ ಇಟ್ಟುಕೊಂಡ ಗುರುತು. ಸಿಪಾಯಿಗಳು ಅದನ್ನು ಕದ್ದು ತಮ್ಮ ಬೆನ್ನ ಹಿಂದೆ ನಿಲ್ಲಿಸಿಕೊಂಡರು. ನೀನು ಮಾಡಿದ್ದೂ ಅದನ್ನೇ. ಇನ್ನೊಬ್ಬರ ಹಕ್ಕಿಗೆ ನಿನಗೆ ಬೇಕಾದ ಹೆಸರಿಟ್ಟು ಅದರ ಹಿಂದೆ ಬಚ್ಚಿಟ್ಟುಕೊಂಡೆ.

ಈಗ ನಿನಗೆ ತಲುಪದ ಸುದ್ದಿ. ಅತ್ತೆಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ, ಮಾತು ಮಾತ್ರ ಇನ್ನೂ ಖಾರವೇ. ಹೋದ ಶುಕ್ರವಾರ ನಾನು ಹುಣಸೆಹಣ್ಣು ನೆನೆಸಲಿಲ್ಲ. ಕಾಸನ್ನು ಅವರ ಅಂಗೈಗೆ ಇಟ್ಟು ಎಲ್ಲ ಹೇಳಿದೆ. ಸಿಪಾಯಿ, ದೊಡ್ಡ ಅಡುಗೆಯವನ ತಮ್ಮ, ವಿದ್ಯಾದೇವತೆ, ನೀನು, ನಿನ್ನ ಅಪ್ಪಣೆ. ಬೈಯಲಿ, ಈ ವಯಸ್ಸಿನಲ್ಲಿ ನನ್ನನ್ನು ಯಾವ ತವರಿಗೆ ಕಳಿಸುತ್ತಾರೆ ಅಂತ ಗಟ್ಟಿ ಮನಸ್ಸು ಮಾಡಿದ್ದೆ. ಅವರು ಹೆಬ್ಬೆರಳಿನಿಂದ ಗರುಡನನ್ನು ತಡವಿದರು. ಉಜ್ಜಿ ಉಜ್ಜಿ ಅಲ್ಲಿ ಏನೂ ಉಳಿದಿರಲಿಲ್ಲ, ನುಣ್ಣಗಾಗಿತ್ತು. ಕಾಸನ್ನು ಮಗುಚಿದರು. ಯಾರೂ ಮುಟ್ಟದ ಗೂಬೆ ನಿನ್ನ ಕೈಯಿಂದ ಬಿದ್ದ ದಿನದ ಹಾಗೇ ಇತ್ತು. ಅದರ ಕಣ್ಣನ್ನು ಬಹಳ ಹೊತ್ತು ತಡವಿದರು.

“ಆವತ್ತೇ ಹೇಳಿದ್ದಿದ್ರೆ ಕೇಳ್ತಿದ್ನಲ್ಲಮ್ಮ. ನಾನೇನು ಕಿವುಡೀನಾ?” ಅಂದರು. ಕಾಸನ್ನು ಮತ್ತೆ ನನ್ನ ಕೈಗಿಟ್ಟು, “ಮಗು ಹೋಗಿದ್ದು ನಿನ್ನಿಂದ ಅಲ್ಲ ಕಣೇ” ಅಂದರು.

ಕೇಳಿಸಿತೇ? ಹಳ್ಳಿ ಜನ, ಅರ್ಥ ಆಗುವುದಿಲ್ಲ ಅಂದಿದ್ದೆಯಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅರ್ಥವಾಯಿತು. ಇಷ್ಟು ವರ್ಷ ನನಗೆ ಸಿಗದೆ ಇದ್ದದ್ದು ಅಷ್ಟು ಸುಲಭವಾಗಿ ಸಿಗುವಂಥದ್ದಾಗಿತ್ತು, ಚಿಕ್ಕಪ್ಪ. ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ಅದು ನಿನಗಾಗಿ ಅಲ್ಲ.

ಈಗ ಗೂಡಿನಲ್ಲಿ ಗೂಬೆ ಮೇಲಿದೆ. ಅತ್ತೆ ಕೈಯಾರೆ ಹೂವು ಇಟ್ಟರು. ನಿನ್ನ ಡಬ್ಬಿಯನ್ನು ನಾನೇ ಇಟ್ಟುಕೊಳ್ಳುತ್ತೇನೆ, ಅದರಲ್ಲಿರುವ ಒಂದೊಂದು ಕಾಸಿನ ನಿಜವನ್ನೂ ಕೇಳಿದವರಿಗೆಲ್ಲ ಹೇಳುತ್ತೇನೆ. ನಿನ್ನ ವರ್ಷದ ತಿಥಿಗೆ ಮುಳಬಾಗಿಲಿಗೆ ಬರಬಾರದು ಅಂತಿದ್ದೆ. ಆದರೆ ಅತ್ತೆ ತಾವೂ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ. ನಿನ್ನ ಫೋಟೋ ಮುಂದೆ ಕೂತು ಎರಡು ಮಾತು ಕೇಳುವುದಿದೆಯಂತೆ. ಕರೆದುಕೊಂಡು ಬರುತ್ತೇನೆ. ಅವರು ಕೇಳುವುದನ್ನೆಲ್ಲ ಸುಮ್ಮನೆ ಕೇಳಿಸಿಕೋ. ನನ್ನ ಕಡೆ ನೋಡಿ ಕಣ್ಣು ಹೊಡೆಯಬೇಡ.