ಗಂಗಮ್ಮನ ಹಲಗೆ

೮ ಮಾರ್ಚ್ ೧೯೪೩, ಸೋಮವಾರ

ಹಾಲು ಮತ್ತೆ ಒಡೆಯಿತು. ಚಿಕ್ಕಗಂಗಮ್ಮ ಪಾತ್ರೆ ತೊಳೆಯುವ ಚೆಂದಕ್ಕೆ ಇನ್ನೇನಾಗಬೇಕು. ಕೇಳಿದರೆ ಬಿಸಿಲಿನ ಮೇಲೆ ಹಾಕುತ್ತಾಳೆ. ನಮ್ಮ ಅತ್ತೆಯ ಕಾಲದಿಂದ ಇರುವ ಆಳು, ಬೈದರೆ ನನಗೇ ನಾಲ್ಕು ಬೀಳುತ್ತವೆ.

ಕೆರೆ ಇಳಿದಿದೆ. ಹಲಗೆಕಟ್ಟೆಯ ಅರ್ಧ ಕಾಲುಗಳು ಕೆಸರಿನಲ್ಲಿ. ಕೆಳಗೆ ಪಾಚಿ, ಕಂಬಗಳ ತಲೆಗೆ ಗೆದ್ದಲು. ಆಚೆ ದಡದ ತೋಪಿನ ಮಾವು ಹರಿಗೋಲಿನಲ್ಲಿ ಬಂದರೆ ಇಳಿಸುವುದಕ್ಕೆಂದು, ಹಿತ್ತಿಲಿನಿಂದ ನೀರಿನೊಳಕ್ಕೆ ಇವರು ಕಟ್ಟಿಸಿದ್ದು. ಕೆರೆಗೆ ಜಗಲಿ ಹಾಕಿಸಿದ್ದಾನೆ ಎಂದು ಆಗ ಊರೆಲ್ಲ ನಕ್ಕಿತ್ತು. ಹೋದ ವರ್ಷ ಬುಟ್ಟಿ ಹೊತ್ತವನ ಕಾಲು ಸಂದಿಗೆ ಸಿಕ್ಕಿ ಮೂಳೆ ಮುರಿಯಿತು. ಈ ಬೇಸಿಗೆಯಲ್ಲಿ ಕಿತ್ತು ಕಲ್ಲಿನದು ಹಾಕಿಸಲೇಬೇಕು.

ಇದು ಊರಿಗೆ ಹೇಳುವ ಕಾರಣ. ಇನ್ನೊಂದನ್ನು ಇಲ್ಲಿ ಬರೆಯಬಹುದು, ಓದುವವರು ಯಾರಿದ್ದಾರೆ. ದೀಪ ಹಚ್ಚುವ ಹೊತ್ತಿಗೆ ಹಲಗೆಗಳ ಮೇಲೆ ಹೆಜ್ಜೆ ಸದ್ದು. ನೀರಿನ ಕಡೆಯಿಂದ ಮನೆಯ ಕಡೆಗೆ. ದಿನಾ ಅಲ್ಲ... ಇವತ್ತು ಇತ್ತು.

೧೪ ಮಾರ್ಚ್

ಮೈದುನ ವೆಂಕಟರಮಣಪ್ಪ ಬಂದಿದ್ದ. ಮಾಲೂರಿನಲ್ಲಿ ಮೇಷ್ಟ್ರು. ಇದ್ದಿಲಿನಲ್ಲಿ ಓಡುವ ಬಸ್ಸಿನಲ್ಲಿ ಕೂತು ಬಂದು ಮುಖವೆಲ್ಲ ಮಸಿ. ಊಟ ಆಗುವವರೆಗೆ ಯುದ್ಧದ ಮಾತು, ರೇಷನ್ನಿನ ಮಾತು. ಕೈ ತೊಳೆದ ಮೇಲೆ ಶುರು ಮಾಡಿದ.

"ಅತ್ತಿಗೆ, ಈ ಕಾರ್ತಿಕಕ್ಕೆ ಅಣ್ಣ ಕಾಣೆಯಾಗಿ ಹನ್ನೆರಡು ವರ್ಷ ತುಂಬ್ತದೆ. ಪುರೋಹಿತರನ್ನ ಕೇಳ್ದೆ. ದರ್ಭೆಯಲ್ಲಿ ಅಣ್ಣನ ರೂಪ ಮಾಡಿ ಸುಟ್ಟು ಕರ್ಮ ಮುಗಿಸ್ಬೇಕಂತೆ. ಅಲ್ಲೀತನಕ ಅವನಿಗೆ ಗತಿ ಇಲ್ಲ."

"ಮುಗಿಸಿದ್ರೆ ನನ್ನ ಗತಿ ಏನು ಅಂತ ಪುರೋಹಿತರು ಹೇಳಿದ್ರಾ?"

ಎಲೆ ಅಡಿಕೆಯ ತಟ್ಟೆ ಎಳೆದುಕೊಂಡ. ಕೆಟ್ಟವನಲ್ಲ. ಅಣ್ಣನನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ ಅವನಿಗೆ. ನಾನು ಹೂಂ ಅನ್ನಲಿಲ್ಲ.

ಆ ಕಾರ್ತಿಕ ಕೆರೆ ಕೋಡಿ ಬಿದ್ದಿತ್ತು. ತೋಪಿನ ಬೇಲಿ ನೋಡಿಕೊಂಡು ಬರ್ತೀನಿ ಕಣೇ ಎಂದು ಇವರು ಹರಿಗೋಲು ಹತ್ತಿದರು. ಹರಿಗೋಲು ಮಗುಚಿಕೊಂಡು ವಾಪಸು ಬಂತು. ಮೆಟ್ಟು ಕಟ್ಟೆಯ ತುದಿಯಲ್ಲಿತ್ತು. ಬಲೆ ಹಾಕಿ ಎಷ್ಟು ಎಳೆದರೂ ದೇಹ ಸಿಗಲಿಲ್ಲ. ಅವತ್ತಿನಿಂದ ನಾನು ಮುತ್ತೈದೆಯೂ ಹೌದು, ಅಲ್ಲದವಳೂ ಹೌದು. ಅರಿಶಿನ ಕುಂಕುಮಕ್ಕೆ ಕರೆಯುತ್ತಾರೆ. ಬಟ್ಟಲು ನನ್ನ ಮುಂದೆ ಬಂದಾಗ ಅರೆಗಳಿಗೆ ತಡೆಯುತ್ತದೆ. ಆ ಅರೆಗಳಿಗೆಗೇ ನನ್ನ ಮೈಯೆಲ್ಲ ಉರಿಯುತ್ತದೆ.

೧೫ ಮಾರ್ಚ್, ಸಂಜೆ

ಇವತ್ತೂ ಬಂದರು. ಇವರದೇ ನಡಿಗೆ, ಹಿಮ್ಮಡಿ ಊರಿ ಊರಿ. ಬಂದು ಎಂದಿನ ಜಾಗದಲ್ಲಿ ನಿಂತರು — ಗಂಗಮ್ಮನ ಹಲಗೆಯ ಹಿಂದೆ.

ಕಟ್ಟೆ ಶುರು ಮಾಡಿದ ದಿನ ದಡಕ್ಕೆ ಸೇರಿಸಿ ಹೊಡೆದ ಮೊದಲ ಹಲಗೆ ಅದು. ಅರಿಶಿನ ಬಳಿದು, ಕಾಯಿ ಒಡೆದು, ಇದು ಕೆರೆಯ ತಾಯಿ ಗಂಗಮ್ಮನದು, ಅವಳೊಬ್ಬಳೇ ತುಳಿಯಬೇಕು ಎಂದಿದ್ದರು. ಬುಟ್ಟಿ ಹೊತ್ತವರೂ ದಾಟಿಕೊಂಡೇ ಹೋಗಬೇಕು. ಮರೆತವರಿಗೆ ಬೈಗುಳ. ಇವರಂತೂ ಎಷ್ಟು ಅವಸರವಿದ್ದರೂ ಪಂಚೆ ಎತ್ತಿ ಒಂದೇ ದಾಪುಗಾಲಿಗೆ ದಾಟಿ ನೆಲಕ್ಕೆ ಇಳಿಯುತ್ತಿದ್ದರು. ಈಗ ದಾಟುವುದಿಲ್ಲ. ಅಲ್ಲಿಯವರೆಗೆ ಬಂದು ನಿಲ್ಲುತ್ತಾರೆ, ಆಮೇಲೆ ಸದ್ದಿಲ್ಲ.

ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರೆ ಬರಿಯ ಕಟ್ಟೆ. ನನಗೆ ಭಯ. ಸುಳ್ಳೇಕೆ, ಕೋಪವೂ ಇದೆ. ಬರುವುದಾದರೆ ಪೂರ್ತಿ ಬನ್ನಿ, ಇಲ್ಲದಿದ್ದರೆ ನನ್ನ ಪಾಡಿಗೆ ಬಿಡಿ.

೧೨ ಏಪ್ರಿಲ್

ಯುಗಾದಿ ಕಳೆಯಿತು. ಇವತ್ತು ಕಟ್ಟೆ ಕೀಳುವುದು ಶುರು. ಶ್ರೀನಿವಾಸಪುರದಿಂದ ಬಡಗಿ ತಾಜ್ ಪಾಷಾ ಬಂದಿದ್ದಾನೆ. ಕಲ್ಲಿನ ಕೆಲಸಕ್ಕೆ ಶಿವಾರಪಟ್ಟಣದ ಕಡೆಯ ಪೆದ್ದಪ್ಪ, ಗಾಡಿಗಳಲ್ಲಿ ಚಪ್ಪಡಿ ತರಿಸಿದ್ದಾನೆ. ಸಿಮೆಂಟು ಕಂಟ್ರೋಲು, ಕಬ್ಬಿಣ ಕಂಟ್ರೋಲು. ಕಿತ್ತ ಮೊಳೆಗಳನ್ನೆಲ್ಲ ಪಾಷಾ ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ತುಂಬುತ್ತಿದ್ದಾನೆ.

ಕಂಬಗಳು ಸೌದೆಗೆ ಮಾತ್ರ. ಹಲಗೆಗಳು ಹಾಗಲ್ಲ. ಪಾಷಾ ಒಂದನ್ನು ಉಜ್ಜಿ ಮೂಗಿಗೆ ಹಿಡಿದ.

"ಅಮ್ಮಾ, ಅಸಲೀ ಸಾಗುವಾನಿ. ಇಂಥಾ ಮಾಲು ಈಗ ಎಲ್ಲಿ ಸಿಗ್ತದೆ? ಎಲ್ಲಾ ಮಿಲಿಟ್ರಿಗೆ ಹೋಗ್ಬಿಡ್ತು. ಒಣಗಿಸಿ ಇಡಿ. ಮನೇಗೆ ಅಟ್ಟ ಹಾಕ್ಕೊಡ್ತೀನಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರ್ತದೆ."

ಮಕ್ಕಳೇ ಇಲ್ಲ, ಮೊಮ್ಮಕ್ಕಳಂತೆ. ಆದರೂ ಅಟ್ಟದ ಮಾತು ಒಳ್ಳೆಯದೆನಿಸಿತು. ರಾಗಿ ಮೂಟೆಗೆ ಜಾಗವಿಲ್ಲದೆ ನಡುಮನೆಯಲ್ಲಿ ಮಲಗುವುದೇ ಕಷ್ಟವಾಗಿದೆ.

೧೫ ಏಪ್ರಿಲ್

ಚಿಕ್ಕಗಂಗಮ್ಮನ ಹತ್ತಿರ ಜಗಳ. ಗಂಗಮ್ಮನ ಹಲಗೆ ಕೀಳುವಾಗ ಅರಿಶಿನದ ತಟ್ಟೆ ಹಿಡಿದು ಓಡಿ ಬಂದಳು.

"ಅದು ನೀರಿಗೆ ಬಿಡ್ಬೇಕು ಶಾಮಲಕ್ಕ. ಕಟ್ಟೆ ಬಿಚ್ಚಿದ್ಮೇಲೆ ಅಮ್ಮೋರ ಹಲಗೆ ಅಮ್ಮೋರಿಗೆ. ಇಂಟಿಗೆ, ಮನೆ ಒಳಕ್ಕೆ ತರ್ಬಾರ್ದು. ವದ್ದು ಶಾಮಲಕ್ಕ, ಬೇಡ!"

"ಅಂಗೈ ದಪ್ಪ ಐತೆ, ನೀರಿಗೆ ಬಿಡ್ಬೇಕಾ?"

"ಅವಳ್ದು ಅವಳು ಕೇಳ್ತಾಳೆ."

"ನನ್ನಿಂದ ತಗೊಂಡಿದ್ದು ಸಾಲ್ದಾ ಅವಳಿಗೆ? ನನ್ನದು ವಾಪಸು ಕೊಡ್ಲಿ, ಅವಳದು ನಾನು ಕೊಡ್ತೀನಿ."

ಮುದುಕಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಪಾಷಾ ತಲೆ ತಗ್ಗಿಸಿ ಮೊಳೆ ಎಣಿಸುವವನಂತೆ ನಟಿಸಿದ. ಹಲಗೆ ನಾನೇ ಹೊತ್ತು ತಂದು ಮಿಕ್ಕವುಗಳ ಜೊತೆ ಕೊಟ್ಟಿಗೆಯಲ್ಲಿ ಇಟ್ಟೆ. ಅಷ್ಟು ಬಿಸಿಲಿನಲ್ಲೂ ಒದ್ದೆಯಾಗಿತ್ತು, ಭುಜದ ಮೇಲೆ ಸೀರೆ ನೆನೆಯಿತು.

೩೦ ಮೇ

ಕಲ್ಲಿನ ಕಟ್ಟೆ ಮುಗಿಯಿತು. ಆನೆ ನಡೆದರೂ ಅಲುಗದು. ಇಂದು ಮೊದಲ ಹರಿಗೋಲು ಬಂತು, ರಸಪುರಿ. ಪೆದ್ದಪ್ಪನಿಗೆ ಒಂದು ಬುಟ್ಟಿ ಕೊಟ್ಟು ಕಳಿಸಿದೆ.

ಸಂಜೆ ಬಾಗಿಲಲ್ಲಿ ಕೂತಿದ್ದೆ. ಕಪ್ಪೆ, ಜೀರುಂಡೆ. ಬೇರೇನೂ ಇಲ್ಲ.

೨ ಜೂನ್

ಇಲ್ಲ.

೧೯ ಜೂನ್

ಇಲ್ಲ. ಕಲ್ಲಿನ ಮೇಲೆ ಕಿವಿ ಇಟ್ಟೂ ನೋಡಿದೆ. ಚಿಕ್ಕಗಂಗಮ್ಮ ನೋಡಿ, ಹುಚ್ಚು ಹಿಡೀತಾ ಎಂದಳು.

ಬೇಡ ಬೇಡ ಎಂದು ಕೀಳಿಸಿದವಳು ನಾನೇ. ಈಗ ದೀಪ ಹಚ್ಚುವ ಹೊತ್ತಿಗೆ ಎದೆ ಖಾಲಿ ಎನಿಸುತ್ತದೆ. ಇಷ್ಟು ವರ್ಷ ನನ್ನ ಜೊತೆ ಇದ್ದದ್ದು ಆ ಸದ್ದೊಂದೇ. ಇವರು ಬಂದರೆ ಕಾಲಿಡುವುದಕ್ಕೆ ಹಲಗೆಯೇ ಇಲ್ಲದ ಹಾಗೆ ಮಾಡಿದೆ. ಇವತ್ತು ಚೆನ್ನಾಗಿ ಅತ್ತೆ.

೨೨ ಆಗಸ್ಟ್

ಮೈದುನ ಮತ್ತೆ ಬಂದ. ಹೂಂ ಅಂದೆ. ನಿಲ್ಲುವುದಕ್ಕೆ ಜಾಗವಿಲ್ಲದೆ ಇವರು ಹೋಗಿಯೇ ಬಿಟ್ಟಿದ್ದಾರೆ, ಇನ್ನು ಯಾರಿಗಾಗಿ ಹಟ. ಕಾರ್ತಿಕದಲ್ಲಿ ದಿನ ನೋಡಿಸುತ್ತಾನೆ.

ಕರ್ಮಕ್ಕೆ ಹೆಸರು ಬೇಕಂತೆ. ಪುರೋಹಿತರಿಗೆ ಬರೆದುಕೊಡಲು ಮೈದುನ ಅಣ್ಣನ ಹೆಸರನ್ನು ಗಟ್ಟಿಯಾಗಿ ಹೇಳಿಕೊಂಡು ಬರೆದ. ಎಷ್ಟು ವರ್ಷವಾಗಿತ್ತು ಆ ಹೆಸರು ಈ ಮನೆಯಲ್ಲಿ ಕೇಳಿ. ನಾನು ಒಮ್ಮೆಯೂ ಹೇಳಿದವಳಲ್ಲ, ಬರೆದವಳೂ ಅಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಮ್ಮ ಕಲಿಸಿದ್ದು ಇನ್ನೂ ನಾಲಿಗೆ ಕಟ್ಟುತ್ತದೆ.

೧೮ ಸೆಪ್ಟೆಂಬರ್

ಪಾಷಾ ಬಂದು ನಡುಮನೆಯ ಮೇಲೆ ಅಟ್ಟ ಹಾಕಿಕೊಟ್ಟ. ಕಟ್ಟೆಯ ಹಲಗೆಗಳು, ಕಟ್ಟೆಯ ಮೊಳೆಗಳು. ಒಂದು ಮೂಲೆಯಲ್ಲಿ ಏಣಿ. ಬಹಳ ಚೆನ್ನಾಗಿದೆ. ಚಿಕ್ಕಗಂಗಮ್ಮ ಅದರ ಕೆಳಗೆ ಹಾಯುವುದಿಲ್ಲ, ಹಿತ್ತಿಲು ಸುತ್ತಿಕೊಂಡು ಅಡುಗೆಮನೆಗೆ ಬರುತ್ತಾಳೆ.

೨೧ ಸೆಪ್ಟೆಂಬರ್

ದೀಪಕ್ಕೆ ಎಣ್ಣೆ ಬಿಡುತ್ತಿದ್ದೆ. ತಲೆಯ ಮೇಲೆ —

ಹಿಮ್ಮಡಿ ಊರಿ ಊರಿ.

ಎಣ್ಣೆ ಚೆಲ್ಲಿತು. ಅಟ್ಟ ಇನ್ನೂ ಖಾಲಿ, ರಾಗಿ ಮೂಟೆಯನ್ನೂ ಏರಿಸಿಲ್ಲ. ಇಲಿಯಾದರೆ ಓಡುತ್ತದೆ. ಬೆಕ್ಕಿಗೆ ಹಿಮ್ಮಡಿ ಎಲ್ಲಿಂದ ಬರಬೇಕು.

೨೬ ಸೆಪ್ಟೆಂಬರ್

ದಿನಾ ಈಗ. ಆದರೆ ಮೊದಲಿನ ಹಾಗಲ್ಲ. ಎರಡು ಹೆಜ್ಜೆ ಗೋಡೆಯ ಕಡೆ, ಒಂದು ನಡುವೆ, ಮತ್ತೆ ಗೋಡೆಯ ಕಡೆ. ತಡವರಿಸುತ್ತಾರೆ. ಯೋಚಿಸಿದೆ, ಹೊಳೆಯಿತು. ಪಾಷಾ ಹಲಗೆಗಳನ್ನು ಅಳತೆ ನೋಡಿ ಹೊಂದಿಸಿದ್ದಾನೆ, ಕಟ್ಟೆಯಲ್ಲಿದ್ದ ಕ್ರಮ ಉಳಿದಿಲ್ಲ. ನೀರಿನ ತುದಿಯದು ನಡುವೆ ಬಂದಿದೆ, ನಡುವಿನದು ಗೋಡೆಗೆ ಹೋಗಿದೆ. ಇವರಿಗೆ ದಾರಿ ಸಿಗುತ್ತಿಲ್ಲ. ಪಾಪ, ನನ್ನ ಮನೆಯೊಳಗೇ ಬಂದು ದಾರಿ ತಪ್ಪಿದ್ದಾರೆ.

ಭಯ ಹೋಯಿತು. ಬರಿಯ ಕನಿಕರ.

೧೦ ಅಕ್ಟೋಬರ್

ಪಾಷಾನನ್ನು ಕರೆಸಿ ಹಲಗೆಗಳನ್ನು ಬಿಚ್ಚಿ ಮತ್ತೆ ಹಾಕಿಸಿದೆ. ನಾನೇ ಏಣಿಯ ಮೇಲೆ ನಿಂತು ಹೇಳಿದೆ. ಇವರ ಲಾಟೀನು ಸುಟ್ಟ ಕಲೆಯಿರುವುದು ತುದಿಗೆ. ಆಮೇಲೆ ಹರಿಗೋಲಿನ ಹಗ್ಗ ಸವೆಸಿದ್ದು. ಮಾವಿನ ಸೊನೆ ಕಪ್ಪಾಗಿರುವುದು ಅದರ ಪಕ್ಕ. ಹೀಗೆಯೇ ಗೋಡೆಯಿಂದ ಏಣಿಯ ಬಾಯಿಯವರೆಗೆ.

"ಅಟ್ಟ ಅಟ್ಟಾನೇ ಅಲ್ವಾ ಅಮ್ಮಾ? ಯಾವ್ದು ಎಲ್ಲಿದ್ರೇನು?"

"ನನಗೆ ಬೇಕು ಪಾಷಾ. ಹಾಕು."

ಕೊನೆಗೆ ಗಂಗಮ್ಮನದು ಉಳಿಯಿತು. ಅದನ್ನು ಬಿಟ್ಟರೆ ಏಣಿಯ ಹತ್ತಿರ ಬಾಯಿ ಬಿಟ್ಟುಕೊಳ್ಳುತ್ತದೆ, ದಾಟುವವರು ಬಿದ್ದಾರು. ಅದನ್ನೂ ಹಾಕಿಸಿದೆ, ಏಣಿಯ ತಲೆಗೇ. ಹೊಡೆದ ಮೊಳೆಯ ಸುತ್ತ ನೀರು ಒಸರಿತು. ಬೇಸಿಗೆಯೆಲ್ಲ ಕೊಟ್ಟಿಗೆಯಲ್ಲಿ ಒಣಗಿದ ಮರ. ಪಾಷಾ ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡು ಬಿಸ್ಮಿಲ್ಲಾ ಎಂದ. ಕಾಫಿಗೂ ನಿಲ್ಲದೆ ಹೋದ.

೧೧ ಅಕ್ಟೋಬರ್, ಸಂಜೆ

ಸರಾಗವಾಗಿ ಬಂದರು. ಗೋಡೆಯಿಂದ ನೆಟ್ಟಗೆ, ಮೊದಲಿನ ನಡಿಗೆ. ಗಂಗಮ್ಮನ ಹಲಗೆಯ ಹಿಂದೆ ನಿಂತರು. ನಾನು ಏಣಿಯ ಬುಡದಲ್ಲಿ. ಇವತ್ತಿನ ಸಾರು ಉಪ್ಪಾಯಿತು ಎಂದು ಹೇಳಿದೆ. ಹೇಳಿದ ಮೇಲೆ ನನಗೇ ನಗು ಬಂತು.

೨೯ ಅಕ್ಟೋಬರ್

ದೀಪಾವಳಿ. ಒಂದೇ ಸಮನೆ ಮಳೆ. ಕೆರೆ ಹಿತ್ತಿಲಿನವರೆಗೆ ಬಂದಿದೆ, ಕಲ್ಲಿನ ಕಟ್ಟೆಯ ಮೇಲೂ ನೀರು ಆಡುತ್ತಿದೆ. ನಾಳೆಯೋ ನಾಡಿದ್ದೋ ಕೋಡಿ ಬೀಳುತ್ತದಂತೆ. ಇವರು ಹರಿಗೋಲು ಹತ್ತಿದ ವರ್ಷವೂ ಹೀಗೆಯೇ ಇತ್ತು.

ಚಿಕ್ಕಗಂಗಮ್ಮ ಕೆಲಸ ಬಿಟ್ಟಳು. ಗೌನಿಪಲ್ಲಿಯಲ್ಲಿರುವ ಮಗಳ ಮನೆಗೆ. ಹೋಗುವಾಗ ಕೈ ಹಿಡಿದುಕೊಂಡು, "ಈಗ್ಲಾದ್ರೂ ಆ ಹಲಗೆ ಬಿಟ್ಬಿಡು ತಾಯಿ, ಅವಳು ದಡಕ್ಕೆ ಬಂದವ್ಳೆ, ನಿನ್ನ ಬಾಗ್ಲಿಗೇ ಬಂದವ್ಳೆ" ಎಂದಳು. ನೀರು ಬಂದಿದೆ ಎಂದಷ್ಟೇ ಅರ್ಥ ಮಾಡಿಕೊಂಡೆ. ಬೆಚ್ಚಗಿರುವ ಕಂಬಳಿ ಕೊಟ್ಟು ಕಳಿಸಿದೆ.

೧೯ ನವೆಂಬರ್, ಬೆಳಿಗ್ಗೆ

ನಾಳೆ ಕರ್ಮ. ಮೈದುನ ನಿನ್ನೆಯೇ ಬಂದಿದ್ದಾನೆ. ದರ್ಭೆ, ಮುತ್ತುಗದ ಎಲೆ ಎಲ್ಲ ಜಗಲಿಯ ಮೇಲಿದೆ. ಪುರೋಹಿತರು ರೂಪ ಕಟ್ಟುತ್ತಿದ್ದಾರೆ, ಕೈ ಕಾಲು ತಲೆ. ಹುಲ್ಲಿನದು. ಮೇಲೆ ದಿನಾ ಬಂದು ನಿಲ್ಲುವವರು ಒಬ್ಬರು, ನಾಳೆ ಸುಡುವುದು ಇನ್ನೊಬ್ಬರನ್ನು. ಸುಟ್ಟ ಮೇಲೆ ನನ್ನ ಬಳೆ ಒಡೆಯುತ್ತಾರೆ, ಹಣೆ ಒರೆಸುತ್ತಾರೆ.

ಮೈದುನನಿಗೆ ಹೇಳಿದೆ, ಒಂದು ದಿನ ತಡೆಯಪ್ಪ ಎಂದು. "ಇನ್ನೂ ಎಷ್ಟು ತಡೀಲಿ ಅತ್ತಿಗೆ? ಅಣ್ಣ ಬರೋ ಹಾಗಿದ್ರೆ ಬರ್ತಿರ್ಲಿಲ್ವಾ?"

ಸರಿ. ಇವತ್ತು ಸಂಜೆ ಕೇಳುತ್ತೇನೆ. ಇದುವರೆಗೆ ನಾನು ಬನ್ನಿ ಎಂದು ಕರೆದೇ ಇಲ್ಲ. ಕರೆದರೆ ಇಳಿದು ಬರಲಿ, ನಾಳೆ ಎಲ್ಲರ ಮುಂದೆ ಕುಂಕುಮ ಇಟ್ಟುಕೊಂಡು ನಿಲ್ಲುತ್ತೇನೆ. ಬರದಿದ್ದರೆ ಒಡೆಯಲಿ ಬಳೆ, ನಾನು ಒಂದು ಮಾತೂ ಆಡುವುದಿಲ್ಲ.

ಅದೇ ದಿನ, ದೀಪ ಹಚ್ಚಿದ ಮೇಲೆ

ಮೈದುನ, ಪುರೋಹಿತರು ಕೆರೆಯ ದಂಡೆಯಲ್ಲಿ ನಾಳೆಗೆ ಜಾಗ ನೋಡಲು ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ. ಏಣಿಯ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡುತ್ತೇನೆ.

ಬಂದರು. ಲಾಟೀನಿನ ಕಲೆ. ಹಗ್ಗದ್ದು. ಸೊನೆಯದು. ನಿಂತರು.

ಬನ್ನಿ ಎಂದೆ. ಸದ್ದಿಲ್ಲ. ಮತ್ತೆ ಕರೆದೆ. ಇಲ್ಲ.

ಹೆಸರು ಹಿಡಿದರೆ ಆಯುಷ್ಯ ಕಡಿಮೆ. ಇವರಿಗೆ ಇನ್ನೆಷ್ಟು ಉಳಿದಿದೆ ಕಡಿಮೆಯಾಗುವುದಕ್ಕೆ. ಕಣ್ಣು ಮುಚ್ಚಿ ಹೇಳಿಬಿಟ್ಟೆ — ಕದಿರೇಶಪ್ಪನವರೇ, ನಾನು ಶಾಮಲ ಕರೀತಿದ್ದೀನಿ. ಇಳಿದು ಬನ್ನಿ. ಹಲಗೆ ದಾಟಿ ಬನ್ನಿ.

ಮೇಲೆ ಹಲಗೆ ಕಿರುಗುಟ್ಟಿತು. ದೇವರೇ. ಬರುತ್ತಿದ್ದಾರೆ. ಕುಂಕುಮದ ಭರಣಿ ಮಡಿಲಲ್ಲೇ ಇದೆ.

ಇಲ್ಲ... ಇವರು ಮುಂದೆ ಬಂದಿಲ್ಲ. ನಿಂತಲ್ಲಿಂದ ಹಿಂದಕ್ಕೆ ಹೆಜ್ಜೆ, ಅವಸರವಾಗಿ, ಗೋಡೆಯವರೆಗೂ. ಕಿರುಗುಟ್ಟಿದ್ದು ಮುಂದಿನದು. ಗಂಗಮ್ಮನ ಹಲಗೆ. ಇವರು ಅದನ್ನು ತುಳಿಯುವವರಲ್ಲ. ತುಳಿಯುವವಳು ಒಬ್ಬಳೇ.

ಏಣಿಯ ಮೇಲಿನಿಂದ ನೀರು ಇಳಿಯುತ್ತಿದೆ. ಪುಸ್ತಕದ ಮೇಲೆ ಹನಿ ಬಿತ್ತು, ಕೆರೆಯ ವಾಸನೆ. ಮೊದಲ ಮೆಟ್ಟಿಲಿನ ಮೇಲೆ ಕಾಲು ಕಾಣುತ್ತಿದೆ, ಅರಿಶಿನ ಬಳಿದ